ಕೂಗದ ಕತ್ತೆ

ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೂಗೂ ಸ್ವಲ್ಪ ಉದ್ದವಾಗಿದ್ದುದರಿಂದ ಅದು ಬರುವುದು ಮಕ್ಕಳಿಗೆ ದೂರದಿಂದಲೇ ಕಾಣುತ್ತಿತ್ತು. ಆದರೆ ದಿನದ ಕೊನೆಯ ಪೀರಿಯಡ್ಡಿಗೆ ಐದನೇ ತರಗತಿಯ ಹೊಸ್ತಿಲು ದಾಟಿದರೆಂದರೆ ಅವರು ಬೇರೆಯೇ ಮನುಷ್ಯ. ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಕನ್ನಡಕ ಒರೆಸಿಕೊಂಡು, ರಟ್ಟು ಕಿತ್ತುಹೋಗಿ ಅಂಟುಪಟ್ಟಿಯ ದಯೆಯಿಂದ ಉಳಿದುಕೊಂಡಿದ್ದ ಪುಸ್ತಕವೊಂದನ್ನು ಬಿಡಿಸುತ್ತಿದ್ದರು. ಅಲ್ಲಿಯವರೆಗೆ ಪೆನ್ಸಿಲ್ಲಿಗಾಗಿ ಕಚ್ಚಾಡುತ್ತಿದ್ದವರೂ ಗಪ್‌ಚಿಪ್ಪಾಗುತ್ತಿದ್ದರು.

ವರ್ಷದ ಮೊದಲ ಪುಸ್ತಕ ಯಾವಾಗಲೂ ಅದೇ. ಅಂಬಿಗನೊಬ್ಬನ ಮಗಳು ಮತ್ತು ಅವಳ ಕತ್ತೆಯ ಕಾದಂಬರಿ. ಹುಡುಗಿ ಮಹಾ ಹಠಮಾರಿ, ಪ್ರಾಣ ಹೋದರೂ ತಪ್ಪಾಯಿತು ಅನ್ನುವವಳಲ್ಲ. ಕತ್ತೆ ಅವಳಿಗಿಂತ ಒಂದು ಕೈ ಮೇಲು. ಅದು ಕೂಗುವುದೇ ಇಲ್ಲ. ಹಸಿದರೂ ಇಲ್ಲ, ಹೊಡೆದರೂ ಇಲ್ಲ. ಬೇರೆ ಕತ್ತೆಗಳು ಊರು ಕಿತ್ತುಹೋಗುವ ಹಾಗೆ ಅರಚುತ್ತಿದ್ದರೂ ಇದು ತುಟಿ ಪಿಟಕ್ಕೆನ್ನದೆ ಹುಲ್ಲು ತಿನ್ನುತ್ತದೆ. ಮೂಗ ಕತ್ತೆ ಯಾರಿಗೆ ಬೇಕು ಎಂದು ಎಲ್ಲರೂ ಬಿಟ್ಟಮೇಲೆಯೇ ಅದು ಅಂಬಿಗನ ಪಾಲಿಗೆ ಬಂದದ್ದು. ಅದು ಯಾಕೆ ಕೂಗುವುದಿಲ್ಲ ಎನ್ನುವುದು ಕೊನೆಯ ಅಧ್ಯಾಯದವರೆಗೆ ತಿಳಿಯುವುದಿಲ್ಲ. ಪುಸ್ತಕದ ಜೀವ ಇರುವುದೇ ಅಲ್ಲಿ. ಮಹಡಿಯ ಮೇಲಿನ ಆರನೇ, ಏಳನೇ ತರಗತಿಯವರಿಗೆ ಗುಟ್ಟು ಗೊತ್ತು. ಆದರೆ ಐದನೆಯವರು ಗೋಗರೆದರೂ, ಬಿಸ್ಕತ್ತಿನ ಲಂಚ ಕೊಟ್ಟರೂ ಅವರು ಬಾಯಿ ಬಿಡುತ್ತಿರಲಿಲ್ಲ. ಸ್ವಂತ ತಮ್ಮ ತಂಗಿಯರಿಗೂ ಹೇಳುತ್ತಿರಲಿಲ್ಲ. ಮೇಷ್ಟ್ರು ಯಾರಿಗೂ ಆಣೆ ಹಾಕಿಸಿದವರಲ್ಲ. ಇದು ಮಕ್ಕಳೇ ಮಾಡಿಕೊಂಡಿದ್ದ ಕಟ್ಟಳೆ.

ಈ ವರ್ಷ ಶಾಲೆಗೆ ಹೊಸ ಹೆಡ್‌ಮಿಸ್ ಬಂದರು. ಗಣಿತದವರು. ಕೆಟ್ಟವರಲ್ಲ, ಆದರೆ ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುವ ಹೆಂಗಸು. ಐದನೆಯವರ ಗಣಿತದ ಅಂಕ ನೋಡಿದ ದಿನದಿಂದ ಅವರ ಕಣ್ಣು ಆ ಕೊನೆಯ ಪೀರಿಯಡ್ಡಿನ ಮೇಲೆ ಬಿದ್ದಿತ್ತು. ಸರಿಯಾಗಿ ಅದೇ ಹೊತ್ತಿಗೆ ಪುಸ್ತಕ ಸಿನಿಮಾ ಆಗಿ ಊರಿನ ಚಿತ್ರಮಂದಿರಕ್ಕೆ ಬಂತು.

"ಮೇಷ್ಟ್ರೇ, ಶಾಲೆ ಶುರುವಾದಾಗಿಂದ ನೀವು ಓದ್ತಾನೇ ಇದೀರಿ," ಎಂದರು ಹೆಡ್‌ಮಿಸ್, ತಮ್ಮ ಕೋಣೆಗೆ ಕರೆಸಿಕೊಂಡು. "ಸಿನಿಮಾದವರು ಎರಡು ಗಂಟೇಲಿ ಮುಗಿಸಿಬಿಡ್ತಾರೆ. ಶನಿವಾರ ಮಕ್ಕಳಿಗೆ ತೋರಿಸಿಬಿಡೋಣ. ಸೋಮವಾರದಿಂದ ಆ ಪೀರಿಯಡ್ಡು ಗಣಿತಕ್ಕೆ ಬಿಟ್ಕೊಡಿ."

"ಕಥೆ ಓದೋದು ಮುಗಿಸೋದಕ್ಕಲ್ಲ ಮೇಡಂ."

"ಮತ್ತೆ ಯಾತಕ್ಕೆ?"

ಮೇಷ್ಟ್ರ ಹತ್ತಿರ ಉತ್ತರವಿತ್ತು. ಆದರೆ ನಿಂತ ಕಾಲಲ್ಲಿ ಹೇಳಿ ಮುಗಿಸುವಂಥ ಉತ್ತರವಲ್ಲ. ಹಲ್ಲು ಕಚ್ಚಿ ಬೇರೆಯದನ್ನು ಕೇಳಿದರು. "ಸಿನಿಮಾ ನೋಡಿದ ಮೇಲೂ ಮಕ್ಕಳು ಪುಸ್ತಕಾನೇ ಬೇಕು ಅಂದ್ರೆ?"

"ಅಂದ್ರೆ ನೋಡೋಣ. ನಾನೂ ಬರ್ತೀನಿ. ಅವರ ಬಾಯಿಂದಾನೇ ಕೇಳ್ತೀನಿ."

ಶುಕ್ರವಾರ ಓದು ಭಾರೀ ಕುತೂಹಲದ ಜಾಗದಲ್ಲಿ ನಿಂತಿತು. ಹುಡುಗಿ ಅಪ್ಪನ ಜೊತೆ ಜಗಳವಾಡಿ ಮುಖ ತಿರುಗಿಸಿಕೊಂಡಿದ್ದಾಳೆ. ಅಪ್ಪ ಮಾತಿಲ್ಲದೆ ದೋಣಿ ನೀರಿಗೆ ತಳ್ಳಿ ಹೋಗಿದ್ದಾನೆ. ಮಂಜು ಕವಿದು ಎದುರಿನ ದಡ ಹಾಗಿರಲಿ, ಹುಡುಗಿಗೆ ತನ್ನ ಕೈಯೇ ಕಾಣದಂತಾಗಿದೆ. ಸಂಜೆಯಾದರೂ ಅಪ್ಪ ಬಂದಿಲ್ಲ. ಹುಡುಗಿ ದಡದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಾಳೆ, ಕೂಗನ್ನೆಲ್ಲ ಮಂಜು ನುಂಗುತ್ತಿದೆ. ಗಂಟೆ ಹೊಡೆಯಿತು. ಉಳಿದದ್ದು ಒಂದೇ ಅಧ್ಯಾಯ.

"ಅದನ್ನೂ ಇವತ್ತೇ ಓದಿಬಿಡ್ಬೇಕಿತ್ತು ಕಣ್ರೀ," ಎಂದರು ಮನೆಯಲ್ಲಿ ಹೆಂಡತಿ. "ನಾಳೆ ಸಿನಿಮಾದವರು ಗುಟ್ಟು ಬಿಟ್ಕೊಟ್ರೆ ಏನ್ಮಾಡ್ತೀರಿ?"

"ಆ ಅಧ್ಯಾಯಕ್ಕೆ ಪೂರ್ತಿ ಒಂದು ಪೀರಿಯಡ್ಡು ಬೇಕು ಕಣೆ. ಗಂಟಲೂ ಬೇಕು."

"ಗಂಟಲಿನ ವಿಷಯ ನಂಗೆ ಹೇಳ್ಬೇಡಿ. ಹೋದ ವರ್ಷ ನೀವು ಬಚ್ಚಲುಮನೇಲಿ ಅಭ್ಯಾಸ ಮಾಡ್ತಿದ್ದಾಗ ಪಕ್ಕದ ಮನೆಯವರು ಬಂದು, ಏನಾದ್ರೂ ಸಾಕಿದೀರಾ ಅಂತ ಕೇಳಿದ್ರು. ಹೂಂ, ಮದುವೆಯಾದಾಗಿಂದ ಅಂದೆ."

ಬೇರೆ ದಿನವಾಗಿದ್ದರೆ ಮೇಷ್ಟ್ರು ನಗುತ್ತಿದ್ದರು. ಅಂದು ಅರ್ಧ ಊಟಕ್ಕೇ ತಟ್ಟೆ ಸರಿಸಿದರು. ಗಣಿತದ ಮೇಲೆ ಅವರಿಗೇನೂ ದ್ವೇಷವಿರಲಿಲ್ಲ. ಆದರೆ ಆ ಪೀರಿಯಡ್ಡು ಹೋದರೆ ತಮ್ಮ ಕೆಲಸದಲ್ಲಿ ಉಳಿಯುವುದು ಹಾಜರಿ ಕೂಗುವುದು, ಗದರುವುದು, ಅಷ್ಟೇ ಎನ್ನಿಸಿತು.

ಶನಿವಾರ ಚಿತ್ರಮಂದಿರದಲ್ಲಿ ದೀಪ ಆರಿತು. ತೆರೆಯ ಮೇಲೆ ಹೊಳೆ ಕಂಡಿತು, ದೋಣಿ ಕಂಡಿತು. ಅಲ್ಲಿಯವರೆಗೆ ಪರವಾಗಿರಲಿಲ್ಲ. ಆಮೇಲೆ ಕತ್ತೆ ಬಂತು, ಪ್ರೇಕ್ಷಕರ ಕಡೆ ತಿರುಗಿ ಕಣ್ಣು ಹೊಡೆಯಿತು, ಬಾಯಿ ತೆರೆದು ಯಾರೋ ಹಾಸ್ಯನಟನ ದನಿಯಲ್ಲಿ ಮಾತಾಡತೊಡಗಿತು.

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಕತ್ತೆ ಸುಮ್ಮನಿರಲೇ ಇಲ್ಲ. ತನ್ನ ಹಸಿವಿನ ಬಗ್ಗೆ ಹಾಡಿತು, ಹಿಂಗಾಲಲ್ಲಿ ಕುಣಿಯಿತು, ಮಾತುಮಾತಿಗೂ ಚಟಾಕಿ ಹಾರಿಸಿತು. ಚಿತ್ರಮಂದಿರವೆಲ್ಲ ಗೊಳ್ಳೆಂದು ನಕ್ಕಿತು. ಅವರ ತರಗತಿಯ ಮಕ್ಕಳೂ ನಕ್ಕರು. ಅದೊಂದನ್ನು ಮಾತ್ರ ಅವರಿಂದ ತಡೆದುಕೊಳ್ಳಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಡ್‌ಮಿಸ್ ಕೂಡ ಒಂದೆರಡು ಸಲ ನಕ್ಕು ಅವರ ಮುಖ ನೋಡಿದರು.

ಮಂಜು ಬರಲೇ ಇಲ್ಲ. ಮಂಜಿನ ಬದಲು ಕಳ್ಳರು ಬಂದು ಅಂಬಿಗನನ್ನು ಹೊತ್ತೊಯ್ದರು. ಹುಡುಗಿ ಕಂಡಕಂಡವರ ಎದುರು ಅತ್ತು, ಎಲ್ಲರ ಹತ್ತಿರವೂ ತಪ್ಪಾಯಿತು ಎಂದಳು. ಕತ್ತೆ ತಂಪು ಕನ್ನಡಕ ಹಾಕಿಕೊಂಡು ಓಟದ ಪಂದ್ಯ ಗೆದ್ದಿತು. ನಿಧಿಯ ಪೆಟ್ಟಿಗೆ ಸಿಕ್ಕಿತು, ಕಳ್ಳರೂ ಸೇರಿದಂತೆ ಎಲ್ಲರೂ ಕುಣಿದರು. ಗುಟ್ಟು ಬಯಲಾಗಲಿಲ್ಲ ನಿಜ. ಅಂಥ ಬಾಯಿಬಡುಕ ಕತ್ತೆಯ ಹತ್ತಿರ ಬಯಲಾಗಲು ಗುಟ್ಟಾದರೂ ಎಲ್ಲಿತ್ತು? ಆದರೂ ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ, ಮಕ್ಕಳು ಹಾಡಿಗೆ ಚಪ್ಪಾಳೆ ತಟ್ಟುತ್ತಿದ್ದರು.

ಹೊರಗೆ ರಸ್ತೆಬದಿಯಲ್ಲಿ ಹೆಡ್‌ಮಿಸ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. "ಹೇಗಿತ್ತು?"

"ಚೆನ್ನಾಗಿತ್ತು ಮೇಡಂ," ಎಂದರು ಮಕ್ಕಳು ಮಗ್ಗಿ ಒಪ್ಪಿಸುವಂತೆ.

ಹೆಡ್‌ಮಿಸ್ ಮೇಷ್ಟ್ರ ಕಡೆ ನೋಡಿದರು. ಗೆದ್ದ ಜಂಬ ಅವರ ಮುಖದಲ್ಲಿರಲಿಲ್ಲ, ಕನಿಕರವಿತ್ತು. ಮೇಷ್ಟ್ರಿಗೆ ಅದೇ ಹೆಚ್ಚು ಚುಚ್ಚಿತು. "ಹಾಗಾದ್ರೆ ಕಥೆ ಮುಗೀತು," ಎಂದರು ಹೆಡ್‌ಮಿಸ್. "ಸೋಮವಾರದಿಂದ ಕೊನೇ ಪೀರಿಯಡ್ಡು ಗಣಿತ."

"ಯಾಕೆ ಮೇಡಂ?"

ಕೇಳಿದವಳು ಮುಂದಿನ ಸಾಲಿನ ಹುಡುಗಿ. ಯಾವ ಮಾತಿಗೂ ಯಾಕೆ ಎನ್ನದೆ ಬಿಡದ ಅವಳನ್ನು ತರಗತಿಯೆಲ್ಲ ಯಾಕಮ್ಮ ಎಂದೇ ಕರೆಯುತ್ತಿತ್ತು.

"ಯಾಕೆ ಅಂದ್ರೆ? ಕೊನೆ ಏನಾಯ್ತು ಅಂತ ಈಗ ನೋಡಿದ್ರಲ್ಲ."

"ಎಲ್ಲಿ ನೋಡಿದ್ವಿ? ಅದು ಬೇರೆ ಯಾವ್ದೋ ಕತ್ತೆ ಮೇಡಂ."

"ನಮ್ ಕತ್ತೆ ಕನ್ನಡಕ ಹಾಕ್ಕೊಳಲ್ಲ," ಎಂದ ಬಾಯಿ ತುಂಬ ಪಾಪ್‌ಕಾರ್ನ್ ತುಂಬಿಕೊಂಡಿದ್ದ ದಪ್ಪ ಹುಡುಗ. ಅಲ್ಲಿಗೆ ಕಟ್ಟೆ ಒಡೆಯಿತು. ಸಾಲು ಮುರಿದು ಎಲ್ಲರೂ ಹೆಡ್‌ಮಿಸ್ಸನ್ನು ಮುತ್ತಿಕೊಂಡರು. ಆ ಹುಡುಗಿ ಹಾಗೆ ಅಳುವವಳಲ್ಲ ಮೇಡಂ, ಅವಳು ಅತ್ತಿದ್ದು ಒಂದೇ ಸಲ, ಅದೂ ಕತ್ತೆಯ ಕುತ್ತಿಗೆಗೆ ಮುಖ ಒತ್ತಿಕೊಂಡು. ಅವಳು ತಪ್ಪಾಯ್ತು ಅನ್ನಲ್ಲ ಮೇಡಂ, ಅದರ ಬದಲು ಅಪ್ಪನ ಚಪ್ಪಲಿ ಒರೆಸಿಡ್ತಾಳೆ. ನಿಧಿ ಯಾಕೆ ಮೇಡಂ, ಅವರಪ್ಪನೇ ಇನ್ನೂ ಸಿಕ್ಕಿಲ್ಲ. ದಾರಿಹೋಕರು ಏನೋ ಅವಘಡವಾಗಿದೆ ಎಂದುಕೊಂಡು ನಿಂತು ನೋಡಿದರು.

"ಮತ್ತೆ ಯಾಕೆ ಚಪ್ಪಾಳೆ ಹೊಡೆದ್ರಿ?"

"ಹಾಡು ಚೆನ್ನಾಗಿತ್ತಲ್ಲ ಮೇಡಂ," ಎಂದಳು ಯಾಕಮ್ಮ, ಇದರಲ್ಲಿ ಕೇಳುವುದೇನಿದೆ ಎನ್ನುವಂತೆ.

"ಸ್ವಲ್ಪ ತಡೀರಿ," ಎಂದರು ಹೆಡ್‌ಮಿಸ್. ಅವರೊಳಗಿನ ಗಣಿತದ ಟೀಚರ್ ಎದ್ದು ಕೂತಿದ್ದಳು. "ಪುಸ್ತಕದ ಕೊನೆ ನೀವಿನ್ನೂ ಕೇಳೇ ಇಲ್ಲ. ಹಾಗಿದ್ಮೇಲೆ ಇದು ತಪ್ಪು ಅಂತ ಹೇಗೆ ಗೊತ್ತಾಯ್ತು?"

ಯಾಕಮ್ಮ ಕ್ಷಣ ಯೋಚಿಸಿದಳು. "ಒಂದೊಂದ್ಸಲ ಲೆಕ್ಕದ ಉತ್ತರ ನಂಗೆ ಗೊತ್ತಿರಲ್ಲ ಮೇಡಂ. ಆದ್ರೂ ಪಕ್ಕದವನು ಬರೆದಿರೋದು ತಪ್ಪು ಅಂತ ಗೊತ್ತಾಗತ್ತೆ. ಹಾಗೆ."

ಹೆಡ್‌ಮಿಸ್ ಮಕ್ಕಳಿಗೆ ಬಸ್ಸಿನ ಕಡೆ ಕೈ ತೋರಿಸಿದರು. ಮೇಷ್ಟ್ರಿಗೆ ಆ ಹುಡುಗಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಬೀದಿ ತುಂಬ ಮೆರವಣಿಗೆ ಮಾಡಬೇಕೆನ್ನಿಸಿತು. ಹಾಗೆ ಮಾಡದೆ ಗಂಟಲು ಸರಿಮಾಡಿಕೊಂಡು ಆಕಾಶ ನೋಡುತ್ತ ನಿಂತರು.

ಮಕ್ಕಳು ಬಸ್ಸು ಹತ್ತುವಾಗ ಹೆಡ್‌ಮಿಸ್ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಪುಸ್ತಕ ಮುಗಿದ ಮೇಲೆ ಪೀರಿಯಡ್ಡು ಯಾರಿಗೆ ಅನ್ನೋದನ್ನ ಸೋಮವಾರ ನೋಡೋಣ ಮೇಷ್ಟ್ರೇ. ಅದಿರ್ಲಿ, ಆ ಕತ್ತೆ ಯಾಕೆ ಕೂಗಲ್ಲ?"

"ಸೋಮವಾರ ಕೊನೇ ಪೀರಿಯಡ್ಡಿಗೆ ಬನ್ನಿ ಮೇಡಂ."

"ನಾನು ಯಾರಿಗೂ ಹೇಳಲ್ಲ."

"ಆಗಲ್ಲ ಮೇಡಂ," ಎಂದರು ಮೇಷ್ಟ್ರು. ಆಗಲ್ಲ ಎನ್ನುವ ಮಾತು ಇಷ್ಟು ರುಚಿಯಾಗಿರುತ್ತದೆ ಎಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸೋಮವಾರ ಹೆಡ್‌ಮಿಸ್ ಕೊನೆಯ ಬೆಂಚಿನಲ್ಲಿ, ಮಂಡಿ ಎಲ್ಲಿಡುವುದೆಂದು ತಿಳಿಯದೆ, ದಪ್ಪ ಹುಡುಗನ ಪಕ್ಕ ಕೂತರು. ಮೇಷ್ಟ್ರು ಓದತೊಡಗಿದರು. ಮಂಜು ಇನ್ನೂ ದಟ್ಟವಾಯಿತು. ಕೂಗಿ ಕೂಗಿ ಹುಡುಗಿಯ ದನಿ ಬಿದ್ದುಹೋಯಿತು. ನೀರಿನ ಮೇಲೆ ಎಲ್ಲೋ ಹುಟ್ಟು ಹಾಕುವ ಸದ್ದು ಸಣ್ಣಗೆ ಕೇಳಿ, ದಾರಿ ತಪ್ಪಿ, ಹೊಳೆ ಕಡಲು ಸೇರುವ ಕಡೆಗೆ ದೂರವಾಗತೊಡಗಿತು. ಹುಡುಗಿಯ ಬಾಯಿಂದ ಉಸಿರು ಬಿಟ್ಟರೆ ಬೇರೇನೂ ಹೊರಡಲಿಲ್ಲ. ಅವಳ ಪಕ್ಕದಲ್ಲಿ ಕತ್ತೆ ತಲೆಯೆತ್ತಿತು.

ಮೇಷ್ಟ್ರು ಪುಸ್ತಕ ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದರು. ಎದೆ ತುಂಬ ಗಾಳಿ ಎಳೆದುಕೊಂಡು, ಕುತ್ತಿಗೆ ಚಾಚಿ, ಕತ್ತೆಯ ಹಾಗೆ ಕೂಗಿದರು.

ಅದು ಸುಮ್ಮನೆ ಅಣಕವಲ್ಲ. ತುಕ್ಕು ಹಿಡಿದ ಬಾಗಿಲು ಎಳೆದಂತೆ ಒಳಗೊಳಗೆ ಗೊರಗುಟ್ಟಿ ಹೊರಟು, ಮೇಲೇರಿ, ಒಡೆದು, ಮತ್ತೆ ಮೇಲೇರಿ, ಕಿಟಕಿಯ ಗಾಜುಗಳನ್ನು ನಡುಗಿಸಿತು. ಕರಿಹಲಗೆಯ ಅಂಚಿನಿಂದ ಸೀಮೆಸುಣ್ಣ ಉರುಳಿ ಬಿತ್ತು. ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆಯೇ ಕೂತುಬಿಟ್ಟರು. ಕೂಗು ನಿಂತ ಮೇಲಿನ ಆ ಮೌನದಲ್ಲಿ ಮಹಡಿಯ ಮೇಲೆ ಬೆಂಚುಗಳು ದಡಬಡ ಸರಿದವು. ಆರನೇ ತರಗತಿ ಒಂದೇ ದನಿಯಲ್ಲಿ ಮರುಕೂಗು ಕೊಟ್ಟಿತು. ಅದರ ಹಿಂದೆಯೇ ಏಳನೆಯದು. ಬಿಸ್ಕತ್ತಿಗೂ ಬಾಯಿ ಬಿಡದಿದ್ದ ಅಣ್ಣ ಅಕ್ಕಂದಿರೆಲ್ಲ ಇದಕ್ಕೇ ಕಾದಿದ್ದವರಂತೆ ಅರಚುತ್ತಿದ್ದರು. ಯಾಕಮ್ಮ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದಳು, ಆಮೇಲೆ ಐದನೇ ತರಗತಿ ಇಡಿಯಾಗಿ ಕೂಗಿತು.

ಗದ್ದಲ ಅಡಗಿದ ಮೇಲೆ ಮೇಷ್ಟ್ರು ಕನ್ನಡಕ ಹಾಕಿಕೊಂಡು ಮುಂದೆ ಓದಿದರು. ಹುಟ್ಟಿನ ಸದ್ದು ನಿಂತಿತು. ತಿರುಗಿತು. ಹತ್ತಿರವಾಯಿತು. ಮಂಜಿನೊಳಗಿಂದ ದೋಣಿಯ ಮೂತಿ ಮೂಡಿತು. ಹುಡುಗಿ ಅಪ್ಪನ ಜೊತೆ ಒಂದು ಮಾತೂ ಆಡದೆ, ಕೂತು, ಅವನ ಒದ್ದೆ ಚಪ್ಪಲಿಯನ್ನು ತನ್ನ ಲಂಗದಿಂದ ಒರೆಸಿದಳು. ಆಮೇಲೆ ಕತ್ತೆಯನ್ನು ಕೇಳಿದಳು, ಇಷ್ಟು ದಿನ ಯಾಕೆ ಕೂಗಲಿಲ್ಲ ಎಂದು. ಉತ್ತರ ಕೊಟ್ಟವನು ಅಪ್ಪ. "ಇಷ್ಟು ದಿನ ಅದಕ್ಕೆ ವಾಪಸ್ ಕರೆಯಬೇಕು ಅನ್ನಿಸುವಂಥವರು ಯಾರೂ ಇರಲಿಲ್ಲ ಮಗಳೇ."

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಕೊನೆಯ ಬೆಂಚಿನ ಕಡೆ ತಿರುಗಿದರು. ಇಡೀ ಶಾಲೆ ಕತ್ತೆಯ ಹಾಗೆ ಅರಚಿದ್ದಕ್ಕೆ ಏನು ಕಾದಿದೆಯೋ ಎಂಬ ಹೆದರಿಕೆ ಅವರ ಮುಖದಲ್ಲಿತ್ತು. ಹೆಡ್‌ಮಿಸ್ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ದಪ್ಪ ಹುಡುಗ ತನ್ನ ಕರವಸ್ತ್ರ ಚಾಚಿದ, ಅವರು ಬೇಡವೆನ್ನದೆ ತೆಗೆದುಕೊಂಡರು.

"ಮೇಷ್ಟ್ರೇ," ಎಂದರು ಕೊನೆಗೆ. "ಗಣಿತಕ್ಕೆ ಬೆಳಗ್ಗೆ ಎಲ್ಲಾದ್ರೂ ಜಾಗ ಹುಡುಕ್ತೀನಿ. ಇದು ನಿಮ್ಮದೇ."

ಮಕ್ಕಳು ಹೋ ಎಂದರು. ಹೆಡ್‌ಮಿಸ್ ಕೈಯೆತ್ತಿ ಸುಮ್ಮನಾಗಿಸಿ, ಇಕ್ಕಟ್ಟಿನ ಬೆಂಚಿನಿಂದ ಹೇಗೋ ಮಂಡಿ ಬಿಡಿಸಿಕೊಂಡು ಎದ್ದು ನಿಂತರು.

"ಆ ಕೂಗೋ ಜಾಗದಿಂದ ಇನ್ನೊಂದ್ಸಲ ಓದಿ. ಆಗ ನನಗೆ ಸೇರ್ಕೊಳೋಕೆ ಆಗಲಿಲ್ಲ."

ಮೇಷ್ಟ್ರು ಪುಟ ಹಿಂದಕ್ಕೆ ತಿರುಗಿಸಿದರು.