ಅವಳ ಕಡೆಯ ಬಾಗಿಲು

ಕಾರಿನೊಳಗೆ ಅಣಬೆ ಎದ್ದಿದ್ದನ್ನು ಮೊದಲು ಕಂಡವಳು ಮಗಳು. ಅಮ್ಮನ ಕೈಚೀಲ ಎತ್ತಿಕೊಳ್ಳಲೆಂದು ಮುಂದಿನ ಸೀಟಿನ ಕಡೆ ಬಗ್ಗಿದವಳು ಕಾಲಡಿಯ ಮ್ಯಾಟನ್ನು ಸ್ವಲ್ಪ ಸರಿಸಿದಳು. ಅಲ್ಲಿ ಬಿಳಿಯ ಕೊಡೆ ಬಿಚ್ಚಿಕೊಂಡು ಒಂದು ಅಣಬೆ ನಿಂತಿತ್ತು. ಇದ್ದದ್ದು ಹೆಬ್ಬೆರಳಿನಷ್ಟು. ಆದರೆ ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳ ಕಣ್ಣಿಗೆ ಅದು ಆನೆಯಷ್ಟು ಕಂಡಿತು.

"ಅಪ್ಪಾ, ಇದು ಕಾರೋ, ತೋಟಾನೋ?"

ಅವಳ ಅಪ್ಪ ನಲ್ಲಿ ತಾತ ಬಗ್ಗಿ ನೋಡಿದ. "ಒಂದೇ ಒಂದಲ್ವೇನಮ್ಮ" ಎಂದ.

"ಇನ್ನೆಷ್ಟಿರ್ಬೇಕಿತ್ತು, ಸಾರು ಮಾಡೋಕಾಗುವಷ್ಟಾ? ಎರಡು ತಿಂಗಳಿಂದ ಅಮ್ಮನ ಕೆಮ್ಮು ನಿಂತಿಲ್ಲ. ಹೇಗೆ ನಿಲ್ಲುತ್ತೆ? ಪ್ರತಿ ಗುರುವಾರ ಒದ್ದೆ ಕಾಲಲ್ಲಿ ಹೋಗ್ತಾಳೆ, ಒದ್ದೆ ಕಾಲಲ್ಲಿ ಬರ್ತಾಳೆ. ನೋಡು, ಈ ಗುರುವಾರ ಮ್ಯಾಟಿನ ಕೆಳಗೆ ನಾನೇ ಪೇಪರ್ ಹಾಸಿ ಕಳಿಸ್ತೀನಿ. ವಾಪಸ್ ಬಂದಾಗ ಅದು ಒದ್ದೆ ಆಗಿತ್ತೋ, ಶುಕ್ರವಾರ ಬೆಳಿಗ್ಗೆ ಗುಜರಿಯವನು ಬಂದು ಕಾರು ಎಳ್ಕೊಂಡು ಹೋಗ್ತಾನೆ. ಅವನಿಗೆ ಹೇಳೂ ಆಯ್ತು."

"ಗುರುವಾರ ಮಳೆ ಬರದೇ ಇದ್ರೆ?"

"ಈ ತಿಂಗಳಲ್ಲಿ ಮಳೆ ಬರದೇ ಇರೋ ಗುರುವಾರ ಯಾವುದಪ್ಪಾ ಇತ್ತು?"

ತಾತ ಮೆಲ್ಲಗೆ ಮ್ಯಾಟನ್ನು ಅಣಬೆಯ ಮೇಲೆ ಎಳೆದ.

ನಲ್ಲಿ ತಾತ ಎಂಬುದು ಊರವರು ಇಟ್ಟ ಹೆಸರು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವನು ನಲವತ್ತು ವರ್ಷ ಮನೆಮನೆಯ ನಲ್ಲಿ, ಪೈಪು, ಟ್ಯಾಂಕುಗಳನ್ನು ರಿಪೇರಿ ಮಾಡಿ ಕೈ ಒರಟು ಮಾಡಿಕೊಂಡವನು. ಅವನು ಕಲಿತ ಪಾಠ ಒಂದೇ: ಎಲ್ಲಿ ತೂತು ಕಂಡರೂ ಮುಚ್ಚು. ಯಾವ ಬೀದಿಯ ಯಾವ ಮನೆಯಲ್ಲಿ ಯಾವ ವರ್ಷ ಯಾವ ಗೋಡೆ ಒಡೆದಿದ್ದೆ ಎಂಬುದು ಇಂದಿಗೂ ಅವನ ನಾಲಿಗೆಯ ತುದಿಯಲ್ಲಿದೆ. ಅಂಥವನ ಕಾರಿನಲ್ಲೇ ನೀರು ನಿಂತರೆ ಬೀದಿಯವರು ಬಿಟ್ಟಾರೆಯೇ? "ಏನ್ ತಾತ, ಮೀನು ಬಿಟ್ಟಿದೀಯಂತೆ!" ಎಂದು ಎದುರುಮನೆಯವನು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಲೇ ಕೇಳುತ್ತಿದ್ದ.

ಬೀದಿಯವರ ಮಾತು ತಾತನಿಗೆ ತಾಗುತ್ತಿರಲಿಲ್ಲ. ತಾಗುತ್ತಿದ್ದದ್ದು ಗುರುವಾರ. ತಾತನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡವಳು. ಗುರುವಾರ ಅವಳ ಮಿಷನ್ನಿಗೆ ರಜೆ. ಅಂದು ಒಂದೂವರೆ ಗಂಟೆ ದೂರದಲ್ಲಿರುವ ಅಕ್ಕನನ್ನು ನೋಡಿಬರುತ್ತಾಳೆ. ಐದು ಜನ ಒಡಹುಟ್ಟಿದವರಲ್ಲಿ ಈಗ ಉಳಿದಿರುವುದು ಈ ಇಬ್ಬರೇ. ಅಕ್ಕ ಸೊಂಟ ಮುರಿದುಕೊಂಡು ಕುರ್ಚಿ ಹಿಡಿದು ಮೂರು ವರ್ಷವಾಯಿತು. ತಂಗಿ ಹೋಗಿ ತಲೆ ಬಾಚುತ್ತಾಳೆ, ಉಗುರು ಕತ್ತರಿಸುತ್ತಾಳೆ. ಆಮೇಲೆ ಐವತ್ತು ವರ್ಷದ ಹಿಂದಿನ ಯಾವುದೋ ಒಂದು ಸ್ವೆಟರ್ ಯಾರದ್ದಾಗಿತ್ತು ಎಂದು ಇಬ್ಬರೂ ಜಗಳ ಆಡುತ್ತಾರೆ. ಬಸ್ಸಿನಲ್ಲಿ ಹೋಗೋಣವೆಂದರೆ ಎರಡು ಕಡೆ ಇಳಿದು ಹತ್ತಬೇಕು, ಇವಳ ಮಂಡಿ ಕೇಳುವುದಿಲ್ಲ. ಕಾರು ಹೋದರೆ ಗುರುವಾರವೂ ಹೋಯಿತು.

ಬುಧವಾರ ಬೆಳಿಗ್ಗೆ ತಿಂಡಿ ಮುಗಿದದ್ದೇ ಇಬ್ಬರೂ ಅಂಗಳಕ್ಕಿಳಿದರು. ನಾಲ್ಕು ದಿನದಿಂದ ಬಿಸಿಲು ಕಾದಿತ್ತು. ಹಳೆಯ ಬಟ್ಟೆಯಲ್ಲಿ ಒತ್ತಿ ಒತ್ತಿ ಕಾರಿನ ನೆಲ ಒರೆಸಿಯಾಗಿತ್ತು.

"ನೀನು ಒಳಗೆ ಕೂತ್ಕೊ. ಟಾರ್ಚ್ ಹಿಡ್ಕೊ. ನಾನು ಹೊರಗಿಂದ ನೀರು ಬಿಡ್ತೀನಿ. ಎಲ್ಲಿ ಬಂತೋ ಕೂಗು" ಎಂದ ತಾತ.

"ಒಂದ್ನಿಮಿಷ ತಡೀರಿ." ಅವಳು ಒಳಗೆ ಹೋಗಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಚೂರುಗಳನ್ನು ಕುಟ್ಟಿ ಪುಡಿ ಮಾಡಿ ತಂದಳು. ಬಾಗಿಲ ಅಂಚಿನ ರಬ್ಬರಿನ ಸುತ್ತ ಬ್ರಷ್‌ನಲ್ಲಿ ಆ ಪುಡಿ ಬಳಿದಳು. "ನೀರು ರಬ್ಬರ್ ದಾಟಿ ಬಂದ್ರೆ ಪುಡಿ ಮೇಲೆ ಗೆರೆ ಬೀಳುತ್ತೆ. ಕಳ್ಳನ ಹೆಜ್ಜೆ ಗುರುತು."

"ನನ್ನ ಜೊತೆ ಇದ್ದೂ ಇದ್ದೂ ಬುದ್ಧಿ ಬಂದಿದೆ ನಿಂಗೆ."

"ಇದು ನನ್ ತವರಿಂದ ತಂದಿದ್ದು ಕಣ್ರೀ. ನಿಮ್ದು ಖರ್ಚಾಗ್ದೆ ಹಾಗೇ ಇದೆ."

ಅವಳು ಒಳಗೆ ಕುಳಿತು ಗಾಜು ಏರಿಸಿಕೊಂಡಳು. ತಾತ ಹೋಸ್ ಪೈಪ್ ಹಿಡಿದು ಬಾಗಿಲ ಬುಡದಿಂದ ಶುರು ಮಾಡಿದ. ನೀರು ಸೋರುವ ಜಾಗ ಹುಡುಕುವವನು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ನೀರು ದಿಕ್ಕು ದಿಕ್ಕಿಗೆ ಓಡಿ ಯಾವ ತೂತು ಕಳ್ಳ, ಯಾವುದು ಸಾಚಾ ಎಂದು ತಿಳಿಯುವುದೇ ಇಲ್ಲ. ತಾತನಿಗೆ ಅವಸರವೂ ಇರಲಿಲ್ಲ. ಒಂದೊಂದು ಜಾಗಕ್ಕೆ ನೂರು ಎಣಿಸುವ ತನಕ ನೀರು ಬಿಟ್ಟ.

"ಬಂತಾ?"

"ಆಂ?"

"ಬಂತಾ ಅಂದೆ!"

"ಯಾರು ಬಂದ್ರು?"

ಬಾಗಿಲ ಬುಡ ಮುಗಿಯಿತು, ಅಂಚು ಮುಗಿಯಿತು. ತೆಗೆದು ನೋಡಿದರೆ ಸೀಮೆಸುಣ್ಣದ ಪುಡಿ ಬಳಿದ ಹಾಗೇ ಇತ್ತು. ರಬ್ಬರು ಸಾಚಾ. ಆಮೇಲೆ ಬಾಗಿಲ ಗಾಜಿನ ಮೇಲೆ ನೀರು ಬಿಟ್ಟ. ಅಲ್ಲಂತೂ ಮುನ್ನೂರು ಎಣಿಸಿದ. ಒಳಗೆ ಒಂದು ಹನಿ ಕೂಡ ಇಲ್ಲ. ಕೊನೆಗೆ ಪೈಪನ್ನು ಮುಂದಿನ ದೊಡ್ಡ ಗಾಜಿಗೆ ತಿರುಗಿಸಿದ. ಹತ್ತು ಎಣಿಸುವಷ್ಟರಲ್ಲಿ ಒಳಗಿಂದ ಕೂಗು ಬಂತು.

"ಬಂತು, ಬಂತು! ಕಾಲು ನೆನೀತು!"

"ಸಿಕ್ಕಿಬಿದ್ದ!" ತಾತ ಪೈಪನ್ನು ಅಲ್ಲೇ ಬಿಸಾಡಿ ಎರಡೂ ಕೈ ತಟ್ಟಿದ. ಮುಂದಿನ ಗಾಜಿನ ಸುತ್ತಲಿನ ರಬ್ಬರು ಹಳತಾಗಿತ್ತು, ಅಲ್ಲಲ್ಲಿ ಬಿರುಕೂ ಇತ್ತು. ಸಾಕ್ಷಿಗೆ ಇನ್ನೇನು ಬೇಕು? ಗಾಜಿಗೆ ಹಾಕುವ ಕರಿಯ ಅಂಟನ್ನು ಮೂಲೆಯಿಂದ ಮೂಲೆಗೆ ಒತ್ತಿ, ಬೆರಳಲ್ಲಿ ಸವರಿ, ಮಧ್ಯಾಹ್ನದ ತನಕ ಬಿಸಿಲಿಗೆ ಒಣಗಲು ಬಿಟ್ಟ. ಊಟದ ಹೊತ್ತಿಗೆ ಅವನ ಹತ್ತು ಬೆರಳೂ ಕಪ್ಪು. ಹೆಂಡತಿ ನೋಡಿದವಳೇ ಚಮಚ ತಂದು ಎದುರಿಗಿಟ್ಟಳು.

ಊಟವಾದ ಮೇಲೆ ಮತ್ತೆ ಅವಳನ್ನು ಕೂರಿಸಿ ಮುಂದಿನ ಗಾಜಿಗೆ ನೀರು ಬಿಟ್ಟ. ಐನೂರು ಎಣಿಸಿದ. ಒಳಗೆ ಒಣ ಒಣ.

"ನೋಡ್ದ್ಯಾ? ನಲ್ಲಿ ತಾತ ಅಂತ ಸುಮ್ನೆ ಕರೀತಾರಾ ಜನ?" ಖುಷಿಯಲ್ಲಿ ತಾತ ಇಡೀ ಕಾರಿಗೆ ಸ್ನಾನ ಮಾಡಿಸತೊಡಗಿದ. ಮೇಲ್ಚಾವಣಿಗೆ, ಹಿಂದಕ್ಕೆ, ಅವಳ ಪಕ್ಕದ ಗಾಜಿಗೆ ಧಾರಾಳವಾಗಿ ನೀರು ಹೊಯ್ದ. ಯಾವತ್ತೋ ಮರೆತಿದ್ದ ಹಾಡೊಂದು ಗಂಟಲಿಗೆ ಬಂತು.

ಗಾಜು ಮೆಲ್ಲಗೆ ಇಳಿಯಿತು. "ಏನ್ರೀ" ಎಂದಳು ಹೆಂಡತಿ. "ಹಾಡು ನಿಲ್ಸಿ. ಮತ್ತೆ ಬಂತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ತಾತ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಅಂಟಿನ ಟ್ಯೂಬು ಖಾಲಿ, ಹೊತ್ತು ಇಳಿಯುತ್ತಿತ್ತು, ಉತ್ತರದ ಕಡೆ ಮೋಡ ಸೇರುತ್ತಿತ್ತು. "ನಿಮ್ಮಕ್ಕಂಗೆ ಫೋನ್ ಮಾಡಿ ಹೇಳ್ಬಿಡು. ಮುಂದಿನ ವಾರದಿಂದ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಅವಳು ಅವನ ಪಕ್ಕ ಬಂದು ಕೂರಲಿಲ್ಲ. ಕಾರಿನ ಹತ್ತಿರವೇ ನಿಂತಿದ್ದಳು. "ನಾನು ಮೂರು ಸಲ ಹೇಳಿದೀನಿ ನಿಮ್ಗೆ. ತಿರುವಿನಲ್ಲಿ ಈ ಬಾಗಿಲು ಗುಳುಗುಳು ಅನ್ನುತ್ತೆ ಅಂತ."

"ಅದು ನಿನ್ನ ನೀರಿನ ಬಾಟ್ಲಿ ಅಂದಿದ್ನಲ್ಲ."

"ಬಾಟ್ಲಿ ಬಿಟ್ಟು ಹೋದ ದಿನಾನೂ ಅಂತಿತ್ತು." ಅವಳು ಗಾಜಿನ ಕೆಳಗೆ ಬೆರಳು ಮಡಚಿ ಬಾಗಿಲು ತಟ್ಟಿದಳು: ಟಣ್. ಇನ್ನೂ ಕೆಳಗೆ ತಟ್ಟಿದಳು: ಟಣ್. ಮೊಳಕಾಲ ಮಟ್ಟಕ್ಕೆ ಬಂದಾಗ ಸದ್ದು ಬದಲಾಯಿತು: ದಬ್.

ಹೊರಗಿಂದ ತಟ್ಟಿಯೇ ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಹೇಳುತ್ತಿದ್ದ ಮನುಷ್ಯ ತಾತ. ಅವನು ಮೆಟ್ಟಿಲಿಂದ ಎದ್ದು ಬಂದ. ತಾನೂ ತಟ್ಟಿದ. ಟಣ್. ದಬ್. ಅವನ ಮುಖ ಇಳಿಯಿತು. ಬಾಗಿಲು ತೆಗೆದು, ಮಂಡಿಯೂರಿ, ಅದರ ತಳದ ಅಂಚಿಗೆ ಬೆರಳಾಡಿಸಿದ. ಅಲ್ಲಿ ಕಲ್ಲಿನ ಹಾಗೆ ಗಟ್ಟಿಯಾದ ಮೂರು ಉಬ್ಬು ಸಿಕ್ಕವು. ಅವು ಯಾವುವು, ಯಾರು ಹಾಕಿದ್ದು, ಯಾವ ದಿನ ಹಾಕಿದ್ದು, ಎಲ್ಲವೂ ಅವನಿಗೆ ನೆನಪಿತ್ತು. ನೆನಪಿನ ಶಕ್ತಿ ಕಡಿಮೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿದ್ದು ಅದೇ ಮೊದಲು.

"ಏನದು?"

"ಪುಟ್ಟಿ" ಎಂದ ತಾತ, ತಲೆ ಎತ್ತದೆ.

ಸ್ಕ್ರೂಡ್ರೈವರ್ ತಂದು ಮೊದಲ ಉಬ್ಬನ್ನು ಕುತ್ತಿದ. ಪುಟ್ಟಿಯ ಚೂರು ಹಾರಿತು, ಅದರ ಹಿಂದೆಯೇ ನೀರು. ಎರಡನೆಯದು, ಮೂರನೆಯದು. ಕೆಚ್ಚಲು ತುಂಬಿದ ಹಸುವಿನ ಹಾಗೆ ಬಾಗಿಲು ಮೂರು ಧಾರೆಯಲ್ಲಿ ಸುರಿಸತೊಡಗಿತು. ತಾತನ ಮಡಿಲು, ಮಂಡಿ, ಚಪ್ಪಲಿ ಎಲ್ಲ ತೋಯ್ದವು. ಅವಳು ಓಡಿ ಹೋಗಿ ಬಕೆಟ್ ತಂದು ಇಟ್ಟಳು. ಅರ್ಧ ಬಕೆಟ್ ತುಂಬಿತು.

ತಾತ ಒದ್ದೆಯಲ್ಲೇ ಕುಳಿತು ಒಪ್ಪಿಕೊಂಡ. "ಹೋದ ವರ್ಷ ಬೇಸಿಗೇಲಿ ಅಕ್ಕನ ಮನೆ ರಸ್ತೆ ಅಗೆದಿದ್ರಲ್ಲ. ನೀನು ಹೊಸ ಸೀರೆ ಉಟ್ಟಿದ್ದೆ, ನೀಲಿದು. ಇಳಿದಾಗ ಅಂಚೆಲ್ಲ ಧೂಳು. ಆವತ್ತು ದಾರಿಯುದ್ದಕ್ಕೂ ಗೊಣಗಿದೆ. ಮಾರನೇ ದಿನ ನೋಡಿದ್ರೆ ಬಾಗಿಲ ತಳದಲ್ಲಿ ಮೂರು ಸೀಳು ತೂತು. ಫ್ಯಾಕ್ಟರಿಯವ್ರು ಮುಚ್ಚೋದು ಮರೆತಿದಾರೆ, ಧೂಳು ಇಲ್ಲಿಂದಲೇ ಬರ್ತಿರೋದು ಅಂದ್ಕೊಂಡು ಬಳಿದುಬಿಟ್ಟೆ. ಒಂದು ಬಾಗಿಲಿಗೇ ಪುಟ್ಟಿ ಮುಗೀತು. ಮೊದಲು ಮಾಡಿದ್ದು ನಿನ್ನ ಕಡೇದು."

ಗಾಜಿನ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಇಳಿದದ್ದು ಹೊರಗೆ ಹೋಗಲಿ ಎಂದೇ ತಳದಲ್ಲಿ ಸೀಳು ಬಿಟ್ಟಿರುತ್ತಾರೆ. ನಲವತ್ತು ವರ್ಷ ತೂತು ಮುಚ್ಚಿದವನಿಗೆ ಅದು ಹೊಳೆದಿರಲಿಲ್ಲ. ಬೆಳಿಗ್ಗೆಯೂ ಆದದ್ದು ಅದೇ: ಪಕ್ಕದ ಗಾಜಿಗೆ ಬಿಟ್ಟ ನೀರು ನಿಧಾನವಾಗಿ ಬಾಗಿಲು ತುಂಬಿ ಒಳಗೆ ತುಳುಕುವ ಹೊತ್ತಿಗೆ ಪೈಪು ಮುಂದಿನ ಗಾಜಿನ ಮೇಲಿತ್ತು. ಏಟು ಸಾಚಾನಿಗೆ ಬಿತ್ತು.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆಂದು ತಾತ ಗಾಬರಿಯಾದ. ಅವಳ ಹೆಗಲು ಕುಣಿಯುತ್ತಿತ್ತು.

"ರಾಜರು ರಾಣಿಗೆ ಅಂತ ಅರಮನೆ ಕಟ್ಟಿಸ್ತಿದ್ರಂತೆ. ನನ್ ಗಂಡ ನಂಗೆ ಕಾರಿನ ಬಾಗಿಲಲ್ಲಿ ಕೆರೆ ಕಟ್ಟಿಸಿದಾನೆ!"

"ನಗು, ನಗು. ನಿನ್ ಮಗಳಿಗೂ ಹೇಳು."

"ಹೇಳದೆ ಇರ್ತೀನಾ? ಈಗ ಏಳಿ. ನೀರು ಹೊರಗೆ ಹೋಗೋ ದಾರಿ ಆಯ್ತು. ಒಳಗೆ ಬರ್ತಿದ್ದ ದಾರಿ ಯಾವ್ದು?"

ಬಾಗಿಲ ಒಳಮೈಯ ಹಲಗೆ ಬಿಚ್ಚಿದರು. ಅದರ ಹಿಂದೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ನೀರಿನ ಭಾರಕ್ಕೆ ಕೆಳಗಡೆ ಬಿಟ್ಟುಕೊಂಡು ಹರಿದು ಜೋತಿತ್ತು. ಅಲ್ಲಿಂದ ಮುಂದಿನ ಕೆಲಸ ಅವಳದು. ಹಳೆಯ ಹಾಳೆಯನ್ನು ನೆಲಕ್ಕೆ ಹರವಿ, ಮೇಜಿಗೆ ಹಾಸುವ ದಪ್ಪ ಪ್ಲಾಸ್ಟಿಕ್ಕಿನ ಮೇಲೆ ಅದರ ಅಳತೆ ಗೀಚಿ, ದೊಡ್ಡ ಕತ್ತರಿಯಲ್ಲಿ ರವಿಕೆ ತುಂಡು ಮಾಡಿದಷ್ಟು ಸಲೀಸಾಗಿ ಕತ್ತರಿಸಿದಳು. ಹಿಡಿಕೆಯ ಜಾಗಕ್ಕೆ ಕಾಜಾದಂತೆ ಸೀಳು ಬಿಟ್ಟಳು. ತಾತ ಅಂಗಡಿಗೆ ಹೋಗಿ ಅಂಟಿನ ಇನ್ನೊಂದು ಟ್ಯೂಬು ತಂದ. ಹಾಳೆಯ ಸುತ್ತ ಒಂದು ಎಳೆಯೂ ಬಿಡದಂತೆ ಅಂಟು ಒತ್ತಿದ.

ಹಲಗೆ ಕೂರಿಸುವ ಮುಂಚೆ ಅವಳು ಕೇಳಿದಳು: "ಕೆಳಗಿನ ಮೂರು ತೂತು?"

"ಮುಟ್ಟಲ್ಲ ಮಾರಾಯ್ತಿ."

"ಆ ಟ್ಯೂಬ್ ಇತ್ಲಾಗಿ ಕೊಡಿ. ನನ್ ಹತ್ರ ಇರ್ಲಿ."

ಗುರುವಾರ ಮಗಳ ಮಾತು ಸುಳ್ಳಾಗಲಿಲ್ಲ. ಹೊರಡುವಾಗಲೇ ಹನಿ ಶುರು. ಮಗಳು ಮ್ಯಾಟಿನ ಕೆಳಗೆ ಪೇಪರ್ ಹಾಸಿ, ಅದರ ಮೇಲೆ ಪೆನ್ನಿನಲ್ಲಿ ಸಹಿಯನ್ನೂ ಹಾಕಿ ಕಳಿಸಿದಳು, ಅಪ್ಪ ದಾರಿಯಲ್ಲಿ ಬದಲಾಯಿಸಿಬಿಟ್ಟರೆ ಎಂದು. ಹೋಗುವಾಗ ಮಳೆ, ಅಕ್ಕನ ಮನೆಯಲ್ಲಿದ್ದಷ್ಟು ಹೊತ್ತೂ ಮಳೆ, ಬರುವಾಗಲಂತೂ ಕೊಡದಲ್ಲಿ ಹೊಯ್ದ ಹಾಗೆ. ತಿರುವು ಬಂದಾಗಲೆಲ್ಲ ತಾತ ಉಸಿರು ಬಿಗಿಹಿಡಿದು ಕಿವಿ ಆನಿಸುತ್ತಿದ್ದ. ಬಾಗಿಲು ಮಾತಾಡಲಿಲ್ಲ. ಹೆಂಡತಿಯೂ ಮಾತಾಡಲಿಲ್ಲ, ಚಪ್ಪಲಿ ಕಳಚಿ ಕಾಲು ಚಾಚಿ ನಿದ್ದೆ ಹೋಗಿದ್ದಳು.

ಮನೆಯ ಮುಂದೆ ಮಗಳು ಕೊಡೆ ಹಿಡಿದು ಕಾದಿದ್ದಳು. ಕಾರು ನಿಂತದ್ದೇ ತಡ, ಅವಳ ಕಣ್ಣು ಅಮ್ಮನ ಬಾಗಿಲ ತಳಕ್ಕೆ ಹೋಯಿತು. ಅಲ್ಲಿಂದ ಮೂರು ಸಣ್ಣ ಎಳೆಯಾಗಿ ನೀರು ಇಳಿಯುತ್ತಿತ್ತು.

"ಮುಗೀತು! ಅಪ್ಪಾ, ಇನ್ನೂ ಸೋರ್ತಿದೆ! ಗುಜರಿಯವನಿಗೆ ಈಗ್ಲೇ ಫೋನ್ ಮಾಡ್ತೀನಿ."

ಬಾಗಿಲು ತೆರೆಯಿತು. ಅಮ್ಮ ಬಗ್ಗಿ ಮ್ಯಾಟಿನ ಕೆಳಗಿಂದ ಪೇಪರ್ ಎಳೆದು ಮಗಳ ಕೈಗಿಟ್ಟಳು. ಹಾಳೆ ಗರಿಗರಿಯಾಗಿತ್ತು. ಮಗಳು ತಿರುಗಿಸಿ ನೋಡಿದಳು, ಸಹಿಯನ್ನೂ ನೋಡಿದಳು. ಆಮೇಲೆ ಬಾಗಿಲ ತಳವನ್ನು ನೋಡಿದಳು.

"ಹಾಗಾದ್ರೆ ಇದೇನು ಸುರೀತಿರೋದು?"

ತಾತ ಸ್ಟಿಯರಿಂಗ್ ಹಿಡಿದು ನೇರ ಎದುರಿಗೆ ನೋಡುತ್ತ ಕುಳಿತಿದ್ದ, ತನಗೂ ಈ ಕಾರಿಗೂ ಸಂಬಂಧವೇ ಇಲ್ಲದವನ ಹಾಗೆ.

"ಅದಾ? ನಿಮ್ಮಪ್ಪ ನಂಗೆ ಅಂತ ಒಂದು ಕೆರೆ ಕಟ್ಟಿಸಿದ್ರು ಕಣೇ" ಎಂದಳು ಅಮ್ಮ, ಒಣ ಕಾಲನ್ನು ಚಪ್ಪಲಿಗೆ ತೂರಿಸುತ್ತ. "ಒಳ್ಳೇ ಮಳೆ ಅಲ್ವಾ, ಕೋಡಿ ಬಿದ್ದಿದೆ."