ಮೂರನೇ ಡಿಸ್ಕ್

ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆಂದು ಭಾವ ವರ್ಷದಲ್ಲಿ ಮೂರನೇ ಸಲ ಕಾರು ತಂದಾಗ ಮೆಕ್ಯಾನಿಕ್‌ಗೆ ರೋಸಿಹೋಯಿತು. ಚಕ್ರ ಬಿಚ್ಚಿ ನೋಡಿದರೆ, ಹೋದ ಸಲ ತಾನೇ ಹಾಕಿದ್ದ ಹೊಸ ಬ್ರೇಕ್ ಡಿಸ್ಕ್ ಕೂಡ ಸೊಟ್ಟಗಾಗಿತ್ತು.

"ನಿನ್ನ ಕೈಗುಣಾನೇ ಸರಿಯಿಲ್ಲ ಬಿಡು," ಎಂದರು ಭಾವ.

ಅಕ್ಕನ ಗಂಡನಲ್ಲವೇ! ಹಲ್ಲು ಕಚ್ಚಿಕೊಂಡು ಹೊಸ ಡಿಸ್ಕ್ ಕೂರಿಸಿದ. ಇಳಿಜಾರಿನಲ್ಲಿ ಹತ್ತಾರು ಸಲ ಬ್ರೇಕ್ ಒತ್ತಿ ಓಡಿಸಿದ, ಒಂದಿಷ್ಟೂ ನಡುಕವಿಲ್ಲ. ವಾಪಸು ತಂದು ನಿಲ್ಲಿಸಿ ಕೈ ತೊಳೆಯಲು ಹೊರಟವನಿಗೆ ಬೆನ್ನ ಹಿಂದೆ ಚುಂಯ್ ಎಂದು ಕೇಳಿಸಿತು. ಕಾದ ಹೆಂಚಿನಂತಿದ್ದ ಡಿಸ್ಕ್‌ಗೆ ಭಾವ ಪೈಪಿನಲ್ಲಿ ತಣ್ಣೀರು ಬಿಡುತ್ತಿದ್ದರು.

"ಬಿಸಿ ಇದ್ದಾಗಲೇ ತೊಳೆದ್ರೆ ಚಕ್ರ ಫಳಫಳ ಹೊಳೆಯುತ್ತೆ ಕಣೋ. ನಾನು ದಿನಾ ಮಾಡ್ತೀನಿ. ನಿಂಗಿಷ್ಟೂ ಗೊತ್ತಿಲ್ವಾ?"

ಥೂ! ಕಾದ ಕಬ್ಬಿಣಕ್ಕೆ ದಿನಾ ತಣ್ಣೀರು ಬಿದ್ದರೆ ಸೊಟ್ಟಗಾಗದೆ ಇನ್ನೇನು! ವರ್ಷವಿಡೀ ಅವನು ಚಕ್ರದೊಳಗೆ ಹುಡುಕಿದ್ದ ದೋಷ, ಪೈಪು ಹಿಡಿದು ಹಲ್ಲು ಕಿರಿಯುತ್ತ ನಿಂತಿತ್ತು.