ಶಾಲು ಮುಚ್ಚಿದ ಎದೆಬಡಿತ

ಹೆರಿಗೆ ಕೋಣೆಯ ಕಿಟಕಿಯಾಚೆ ಈಜಿಪ್ಟಿನ ದಮಿಯೆಟ್ಟಾ ಊರಿನ ಬಡಗಿಗಳ ಗರಗಸ ಬೆಳಗಿನಿಂದ ಕೊರೆಯುತ್ತಲೇ ಇತ್ತು. ಒಳಗೆ ಹಾಸಿಗೆ ಪಕ್ಕದ ಯಂತ್ರದಿಂದ, ಶುರೂಕಳ ಹೊಟ್ಟೆಯಲ್ಲಿದ್ದ ಮಗುವಿನ ಎದೆಬಡಿತ ದಬದಬ ಕೇಳುತ್ತಿತ್ತು. ಆ ಸದ್ದಿಗೆ ರಾವಿಯಾಳ ಹೊಟ್ಟೆ ಉರಿಯುತ್ತಿತ್ತು. ಉರಿಯದೆ ಇನ್ನೇನು? ಹಿರಿಸೊಸೆ ಅವಳು. ಮದುವೆಯಾಗಿ ವರ್ಷಗಳೇ ಉರುಳಿದರೂ ಮಡಿಲು ತುಂಬಿರಲಿಲ್ಲ. ನಿನ್ನೆ ಮೊನ್ನೆ ಬಂದ ಓರಗಿತ್ತಿ ಶುರೂಕ್ ಇಲ್ಲಿ ರಾಣಿಯ ಹಾಗೆ ಮಲಗಿದ್ದಳು.

ಅತ್ತೆ ಇನ್ಶಿರಾಹ್‌ಗೆ ಮಂಡಿನೋವು. ಓಡಾಡಲು ಹಿರಿಸೊಸೆಯ ಕಾಲು ಬೇಕಿತ್ತು, ಅವಳ ಕಣ್ಣು ಬೇಡವಾಗಿತ್ತು.

"ಬಾಗಿಲ ಹತ್ರ ಕೂತ್ಕೊ ರಾವಿಯಾ. ಮೆಷಿನ್ ಕಡೆ ನೋಡ್ಬೇಡ."

"ನನ್ನ ಕಣ್ಣೇನು ಕೊಳ್ಳಿನಾ ಅತ್ತೆ?"

"ಕೊಳ್ಳಿ ಅಂತ ನಾನಂದ್ನಾ? ಮಕ್ಕಳಿಲ್ಲದೋರ ಹೊಟ್ಟೆ ಹೇಗಿರುತ್ತೆ ಅಂತ ಲೋಕಕ್ಕೇ ಗೊತ್ತು."

"ಸುಮ್ನಿರಿ ಅತ್ತೆ, ಅಕ್ಕ ನನ್ನ ಹತ್ರಾನೇ ಇರ್ಲಿ," ಎಂದು ನೋವಿನ ನಡುವೆಯೇ ಶುರೂಕ್ ಗೊಣಗಿದಳು. ಆ ಒಳ್ಳೆಯತನ ರಾವಿಯಾಳನ್ನು ಇನ್ನಷ್ಟು ಉರಿಸಿತು. ಎಲ್ಲ ಸಿಕ್ಕವಳಿಗೆ ಒಳ್ಳೆಯವಳಾಗಲು ಏನು ಕಷ್ಟ!

ನರ್ಸ್ ತಹಾನಿ ಬಂದು ಶುರೂಕಳ ಹೊಟ್ಟೆಗೆ ಕಟ್ಟಿದ್ದ ಪಟ್ಟಿ ಸರಿಪಡಿಸಿದಳು. "ಈ ನಂಬರ್ ನೂರಹತ್ತಕ್ಕಿಂತ ಕೆಳಗಿಳಿದ್ರೆ, ಸದ್ದು ನಿಧಾನ ಆದ್ರೆ, ಕೂಡಲೇ ಕೂಗಿ. ಪಕ್ಕದ ಕೋಣೇಲೇ ಇರ್ತೀನಿ," ಎಂದಳು. ಅವಳು ಅತ್ತ ಹೋದದ್ದೇ ತಡ, ಅತ್ತೆ ಯಂತ್ರದ ಸದ್ದು ಅಡಗಿಸಿ, ತಮ್ಮ ಕರಿ ಶಾಲನ್ನು ಅದರ ಮೇಲೆ ಹೊದಿಸಿಬಿಟ್ಟರು. ಮೊಮ್ಮಗನ ಬಡಿತಕ್ಕೆ ದೃಷ್ಟಿ ತಾಗಬಾರದಲ್ಲ!

ಸ್ವಲ್ಪ ಹೊತ್ತಿಗೆ ಶುರೂಕಳ ನೀರೊಡೆಯಿತು. "ಇನ್ನೇನು ಬಂದೇಬಿಟ್ಟ ನನ್ನ ರಾಜ! ಹಾಸಿಗೆ ಬಟ್ಟೆ ಬದಲಿಸು ರಾವಿಯಾ," ಎಂದು ಅತ್ತೆ ಹಿಗ್ಗಿದರು. ಬಟ್ಟೆ ಎಳೆಯಲು ಬಗ್ಗಿದಾಗ ಶಾಲಿನ ಸಂದಿಯಲ್ಲಿ ರಾವಿಯಾಳಿಗೆ ನಂಬರ್ ಕಂಡಿತು. ಎಪ್ಪತ್ತೆರಡು. ಕಣ್ಣುಜ್ಜಿ ನೋಡಿದಳು. ಇನ್ನೂ ಇಳಿದಿತ್ತು.

ಕೂಗಿದರೆ, ಇವಳು ನೋಡಿದ್ದಕ್ಕೇ ಇಳಿಯಿತು ಅನ್ನುತ್ತಾರೆ. ಮಗುವಿಗೆ ಏನಾದರೂ ಆದರೆ ಅದನ್ನು ತಿಂದವಳು ಎಂಬ ಹೆಸರು ಸಾಯುವ ತನಕ ತನಗೇ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಶುರೂಕಳ ಮಡಿಲೂ ಬರಿದಾಗಲಿ. ಛೀ! ತನ್ನೊಳಗೆ ಇಂಥದ್ದೂ ಇದೆಯೇ ಎಂದು ಅವಳಿಗೇ ಹೇಸಿಗೆಯಾಯಿತು.

ಶಾಲನ್ನು ಕಿತ್ತೆಸೆದು ಬಾಗಿಲಿಗೆ ಓಡಿದಳು. "ಸಿಸ್ಟರ್! ಮಗು ಬಡಿತ ಇಳೀತಿದೆ, ಬೇಗ ಬನ್ನಿ!"

"ಅಯ್ಯೋ ಪಾಪಿ, ಕಣ್ಣು ಹಾಕೇಬಿಟ್ಯಲ್ಲೇ!" ಅತ್ತೆ ಎದೆ ಬಡಿದುಕೊಂಡರು.

ತಹಾನಿ ಗ್ಲೌಸ್ ಹಾಕಿ ಪರೀಕ್ಷಿಸಿದಳು. "ಹೊಕ್ಕುಳಬಳ್ಳಿ ತಲೆಗಿಂತ ಮುಂಚೆ ಜಾರಿ ಬಂದಿದೆ. ತಲೆ ಅದನ್ನ ಅದುಮ್ತಿದೆ, ಮಗೂಗೆ ರಕ್ತ ಹೋಗ್ತಿಲ್ಲ. ಡಾಕ್ಟ್ರನ್ನ ಕರೀರಿ, ಆಪರೇಷನ್ ಆಗ್ಲೇಬೇಕು!" ಒಳಗಿಟ್ಟ ಕೈಯಿಂದ ಮಗುವಿನ ತಲೆಯನ್ನು ಮೇಲಕ್ಕೆ ಒತ್ತಿ ಹಿಡಿದೇ ಅವಳು ಸ್ಟ್ರೆಚರ್ ಜೊತೆ ಹೋದಳು.

ಆಪರೇಷನ್ ಕೋಣೆಯ ಹೊರಗೆ ಅತ್ತೆಯ ಬಾಯಿ ನಿಲ್ಲಲಿಲ್ಲ. "ನಿನ್ನ ಹೊಟ್ಟೆಕಿಚ್ಚಿಗೆ ನನ್ನ ಮನೆ ಹಾಳಾಯ್ತು!"

"ಹೌದು, ಹೊಟ್ಟೆಕಿಚ್ಚಿದೆ," ಎಂದಳು ರಾವಿಯಾ. "ಆ ಸದ್ದು ಕೇಳಿ ನನ್ನ ಕರುಳು ಸುಡ್ತಿತ್ತು. ಆದ್ರೆ ಅದನ್ನ ಅಡಗಿಸಿದ್ದು ನಾನಲ್ಲ ಅತ್ತೆ."

ಅತ್ತೆಯ ಕೈ ಶಾಲಿಲ್ಲದ ತಮ್ಮ ಹೆಗಲನ್ನು ತಡವಿತು.

ಒಳಗಿನಿಂದ ಮಗುವಿನ ಅಳು ಕೇಳಿದಾಗ ಇಬ್ಬರೂ ಗೋಡೆಗೆ ಒರಗಿ ನಿಂತಿದ್ದರು. ತಹಾನಿ ಮಗುವನ್ನು ತಂದಳು. "ತಾಯಿ ಮಗು ಇಬ್ರೂ ಚೆನ್ನಾಗಿದಾರೆ. ಇನ್ನೊಂಚೂರು ತಡವಾಗಿ ಕೂಗಿದ್ರೆ ಇವನು ಉಳೀತಿರ್ಲಿಲ್ಲ."

ಅತ್ತೆ ಮಗುವನ್ನು ಎತ್ತಿಕೊಂಡು, ಮಕ್ಕಳಿಲ್ಲದವರ ಎದುರು ಎಲ್ಲರೂ ಮಾಡುವಂತೆ, ಅದರ ಮುಖದ ಮೇಲೆ ಬಟ್ಟೆ ಎಳೆದರು. ಮರುಕ್ಷಣ ಅವರ ಕೈ ನಿಂತಿತು. ರಾವಿಯಾಳ ಹತ್ತಿರ ಸರಿದು, ಬಟ್ಟೆ ತೆಗೆದರು.

"ನೋಡು," ಎಂದರು ತಲೆ ತಗ್ಗಿಸಿ. "ಕಣ್ತುಂಬ ನೋಡು."

ರಾವಿಯಾ ನೋಡಿದಳು. ಹೊಟ್ಟೆಯ ಉರಿ ಪೂರ್ತಿ ಆರಿರಲಿಲ್ಲ. ಆದರೂ ನೋಡಿದಳು, ಕಣ್ಣು ತೇವವಾಗುವ ತನಕ.

"ಮೂಗು ನಿಮ್ದೇ ಅತ್ತೆ," ಎಂದಳು ಕೊನೆಗೆ, "ಪಾಪ."